ಫ್ರಾಂಕ್ಲಿನ್ ಯಾತ್ರೆ: ನಕ್ಷೆಯಲ್ಲಿ ಇಲ್ಲದ ಜಲಸಂಧಿ

ಕೆನಡಾದ ಉತ್ತರದ ದ್ವೀಪಗಳ ನಡುವೆ ನುಸುಳಿ ಅಟ್ಲಾಂಟಿಕ್‌ನಿಂದ ಪೆಸಿಫಿಕ್ ಸೇರುವ ದಾರಿಯೇ ವಾಯವ್ಯ ಮಾರ್ಗ. ಅದನ್ನು ಹುಡುಕಿ ಹೊರಟವರ ಹೆಸರು, ಇಸವಿಗಳನ್ನು ಬಾಯಿಪಾಠ ಮಾಡುವ ಮುನ್ನ ನಕ್ಷೆಯಲ್ಲಿ ಕಿಂಗ್ ವಿಲಿಯಂ ದ್ವೀಪದ ಮೇಲೆ ಬೆರಳಿಟ್ಟುಕೊಳ್ಳಿ. ಫ್ರಾಂಕ್ಲಿನ್ ಯಾತ್ರೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

1845ರ ಮೇ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಸರ್ ಜಾನ್ ಫ್ರಾಂಕ್ಲಿನ್ ಈ ಮಾರ್ಗ ಹುಡುಕಲು ಎರೆಬಸ್, ಟೆರರ್ ಎಂಬ ಎರಡು ಹಡಗುಗಳೊಡನೆ ಇಂಗ್ಲೆಂಡಿನಿಂದ ಹೊರಟರು. ಹಡಗುಗಳಲ್ಲಿ ಉಗಿ ಎಂಜಿನ್ ಇತ್ತು, ಮೂರು ವರ್ಷಕ್ಕಾಗುವಷ್ಟು ಆಹಾರವಿತ್ತು. ಗ್ರೀನ್‌ಲ್ಯಾಂಡ್ ದಾಟಿ ಮುಂದೆ ಸಾಗಿದವರು 129 ಮಂದಿ, ಒಬ್ಬರೂ ಮರಳಲಿಲ್ಲ. ಮೊದಲ ಚಳಿಗಾಲ ಬೀಚಿ ದ್ವೀಪದಲ್ಲಿ ಕಳೆಯಿತು. 1846ರ ಸೆಪ್ಟೆಂಬರ್ 12ರಂದು ಹಡಗುಗಳು ಕಿಂಗ್ ವಿಲಿಯಂ ದ್ವೀಪದ ವಾಯವ್ಯಕ್ಕೆ ಹಿಮದಲ್ಲಿ ಸಿಕ್ಕಿಬಿದ್ದವು.

ಅವರು ಈ ದ್ವೀಪದ ಪಶ್ಚಿಮದ ಕಡೆಗೇ ಏಕೆ ಹೋದರು? ಅಂದಿನ ನಕ್ಷೆಯಲ್ಲಿ ಅದು ದ್ವೀಪವಾಗಿರಲಿಲ್ಲ. ಪೂರ್ವದ ಬೂಥಿಯಾ ಪರ್ಯಾಯ ದ್ವೀಪಕ್ಕೆ ಅಂಟಿಕೊಂಡ ನೆಲವಾಗಿತ್ತು. ಹಾಗಾಗಿ ಪೂರ್ವದಲ್ಲಿ ದಾರಿಯಿಲ್ಲವೆಂದೇ ತಿಳಿಯಬೇಕಾಯಿತು. ಪಶ್ಚಿಮದಲ್ಲಾದರೋ, ಉತ್ತರದಿಂದ ತೇಲಿಬರುವ ಹಳೆಯ ಹಿಮ ಈಗ ಮೆಕ್‌ಕ್ಲಿಂಟಾಕ್ ಕಾಲುವೆ ಎನ್ನುವ ಅಗಲವಾದ ಕಡಲ ಹಾದಿಯ ಮೂಲಕ ಇಳಿದು ದಡಕ್ಕೆ ಒತ್ತಿಕೊಳ್ಳುತ್ತದೆ. ಒಂದೇ ಚಳಿಗಾಲದಲ್ಲಿ ಕಟ್ಟಿದ ತೆಳು ಹಿಮ ಬೇಸಿಗೆಗೆ ಕರಗುವಷ್ಟು ಸುಲಭವಾಗಿ ಅದು ಕರಗುವುದಿಲ್ಲ. 1847ರ ಬೇಸಿಗೆ ಬಂದು ಹೋದರೂ ಹಡಗುಗಳಿಗೆ ಬಿಡುಗಡೆ ಸಿಗಲಿಲ್ಲ.

ಈಗ ಅವರು ಬಿಟ್ಟುಹೋದ ಒಂದು ಕಾಗದದ ವಿಷಯ. 1859ರಲ್ಲಿ, ಕಾಣೆಯಾದವರನ್ನು ಹುಡುಕಿ ಹೋದ ಮೆಕ್‌ಕ್ಲಿಂಟಾಕ್ ತಂಡದ ಹಾಬ್ಸನ್‌ಗೆ ದ್ವೀಪದ ಕಲ್ಲುಗುಪ್ಪೆಯೊಂದರ ಬಳಿ ತಗಡಿನ ಡಬ್ಬಿ ಸಿಕ್ಕಿತು. ಒಳಗಿದ್ದದ್ದು ನೌಕಾಪಡೆಯ ಅಚ್ಚಾದ ನಮೂನೆ. ಸಿಕ್ಕವರು ಲಂಡನ್ನಿಗೆ ಕಳುಹಿಸಬೇಕೆಂಬ ಕೋರಿಕೆ ಆರು ಭಾಷೆಗಳಲ್ಲಿತ್ತು. 1847ರ ಮೇ 28ರ ಬರಹ ಎಲ್ಲವೂ ಕ್ಷೇಮವೆನ್ನುತ್ತದೆ. ಕೆಳಗೆ ಗೋರ್ ಎಂಬ ಅಧಿಕಾರಿಯ ಸಹಿ. ಹನ್ನೊಂದು ತಿಂಗಳ ನಂತರ, 1848ರ ಏಪ್ರಿಲ್ 25ರಂದು, ಅದೇ ಹಾಳೆಯ ಅಂಚಿನ ಖಾಲಿ ಜಾಗದಲ್ಲಿ ಸುತ್ತಲೂ ಬರೆದಿದ್ದಾರೆ: ಫ್ರಾಂಕ್ಲಿನ್ 1847ರ ಜೂನ್ 11ರಂದು ತೀರಿಕೊಂಡರು, ಒಟ್ಟು 24 ಸಾವು, ಹಡಗು ಬಿಟ್ಟಿದ್ದೇವೆ, ಉಳಿದ 105 ಮಂದಿ ನಾಳೆ ದಕ್ಷಿಣದ ಮುಖ್ಯಭೂಮಿಯ ಬ್ಯಾಕ್ ನದಿಯ ಕಡೆ ಹೊರಡುತ್ತೇವೆ. ಕ್ಷೇಮವೆಂಬ ಬರಹಕ್ಕೆ ಸಹಿ ಹಾಕಿದ್ದ ಗೋರ್ ಇಲ್ಲಿ ‘ದಿವಂಗತ’. ಈ ಹಾಳೆಯ ಚಿತ್ರವನ್ನು ತಪ್ಪದೆ ನೋಡಿ. ಆ ಅಂಚಿನ ಇಕ್ಕಟ್ಟು ಕಂಡಾಗ ನನ್ನ ಗಂಟಲು ಕಟ್ಟಿತ್ತು.

ಇದಕ್ಕೂ ಮೊದಲು, 1854ರಲ್ಲಿ, ಅನ್ವೇಷಕ ಜಾನ್ ರೇ ದ್ವೀಪದ ಪೂರ್ವದಲ್ಲಿ ನೆಲವಲ್ಲ, ಜಲಸಂಧಿಯಿದೆ ಎಂದು ಕಂಡುಕೊಂಡಿದ್ದರು. ಹಸಿದು ಸತ್ತ ಬಿಳಿಯರ ಸುದ್ದಿಯನ್ನು ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರಿಂದ ಕೇಳಿ ತಂದವರೂ ಅವರೇ. ಸತ್ತವರ ಮಾಂಸ ತಿಂದು ಕೆಲವರು ಬದುಕಲು ಯತ್ನಿಸಿದರೆಂಬ ಮಾತನ್ನು ಲಂಡನ್ನಿನಲ್ಲಿ ಅನೇಕರು ನಂಬಲಿಲ್ಲ. ಮುಂದೆ ಮೂಳೆಗಳ ಮೇಲೆ ಕಂಡ ಕತ್ತಿಯ ಗುರುತುಗಳು ಇನ್ಯುಯಿಟ್ ಹೇಳಿದ್ದನ್ನೇ ಸಾರಿದವು.

ನಕ್ಷೆ ಸರಿಯಿದ್ದಿದ್ದರೆ ಫ್ರಾಂಕ್ಲಿನ್ ಗೆಲ್ಲುತ್ತಿದ್ದರು ಎಂದು ಮಾತ್ರ ಬರೆಯಬೇಡಿ. ಪೂರ್ವದ ದಾರಿಯಲ್ಲಿ ನೀರಿನ ಆಳ ಕಡಿಮೆ, ಅವರ ಹಡಗುಗಳು ಭಾರಿ. ಇದೇ ಮಾರ್ಗ ದಾಟಲು 1903ರಲ್ಲಿ ಹೊರಟ ನಾರ್ವೆಯ ಅಮುಂಡ್ಸನ್ ಬಳಿ ಇದ್ದದ್ದು ಯೋವಾ ಎಂಬ ಪುಟ್ಟ ಹಡಗು, ತಮ್ಮನ್ನೂ ಸೇರಿಸಿ ಏಳು ಜನ. ರೇ ಹೆಸರಿನ ಆ ಜಲಸಂಧಿಯ ಮೂಲಕವೇ ಬಂದು, ದ್ವೀಪದ ಆಗ್ನೇಯ ಕೊಲ್ಲಿಯಲ್ಲಿ ಎರಡು ಚಳಿಗಾಲ ತಂಗಿ, ನಾಯಿಬಂಡಿ ಓಡಿಸುವುದನ್ನೂ ತೊಗಲಿನ ಉಡುಪು ತೊಡುವುದನ್ನೂ ಅಲ್ಲಿನ ನೆಟ್ಸಿಲಿಕ್ ಇನ್ಯುಯಿಟ್ ಜನರಿಂದ ಕಲಿತರು. 1906ರಲ್ಲಿ ಯೋವಾ ಮಾರ್ಗವನ್ನು ದಾಟಿ ಅಲಾಸ್ಕಾದ ನೋಮ್ ಬಂದರು ಮುಟ್ಟಿತು.