ತುಕ್ಕು ಏನೇನೆಲ್ಲ ಹಿಡ್ಕೊಳತ್ತೆ ಗೊತ್ತಾ?

ಬಾಂಗ್ಲಾದೇಶದಲ್ಲಿ ಕೆರೆ, ಹೊಂಡದ ನೀರು ಕುಡಿದು ಮಕ್ಕಳು ವಾಂತಿಭೇದಿಗೆ ಸಾಯ್ತಿದ್ರು ಅಂತ 1970ರ ದಶಕದಲ್ಲಿ ಊರೂರಿಗೆ ಕೈಪಂಪಿನ ಕೊಳವೆಬಾವಿ ಹಾಕಿಸಿದ್ರು, ಯೂನಿಸೆಫ್ ಕೂಡ ಮುಂದೆ ನಿಂತು ಮಾಡಿಸ್ತು, ಕೆಸರಿಲ್ಲದ ತಿಳಿನೀರು ಬಂತು, ಎಲ್ರಿಗೂ ಖುಷಿ. ಆಮೇಲೆ 1993ರಲ್ಲಿ ನೋಡಿದ್ರೆ ಅದೇ ನೀರಲ್ಲಿ ಆರ್ಸೆನಿಕ್. ಪಕ್ಕದ ಪಶ್ಚಿಮ ಬಂಗಾಳದಲ್ಲಿ ಕೆ. ಸಿ. ಸಾಹಾ ಅನ್ನೋ ಚರ್ಮರೋಗದ ಡಾಕ್ಟ್ರು 1980ರ ದಶಕದ ಶುರುನಲ್ಲೇ ಅಂಗೈ ಅಂಗಾಲು ಗಂಟುಗಟ್ಟಿದ, ಮೈಮೇಲೆ ಕಪ್ಪು ಕಲೆ ಎದ್ದ ಹಳ್ಳಿಯವರನ್ನ ನೋಡಿ ಇದು ಕುಡಿಯೋ ನೀರಿಂದಲೇ ಬರ್ತಿರೋದು ಅಂತ ಹೇಳಿದ್ರು, ಅದು ಗಡಿ ದಾಟಿ ಆ ಕಡೆಯವರ ಕಿವಿಗೆ ಬೀಳೋಕೆ ಅಷ್ಟು ವರ್ಷ ಬೇಕಾಯ್ತು ಅನ್ನೋದೇ ಬೇಜಾರು.

ಸುತ್ತಮುತ್ತ ಫ್ಯಾಕ್ಟರಿ ಗಿಕ್ಟರಿ ಏನೂ ಇಲ್ಲ, ಹಾಗಾದ್ರೆ ಈ ವಿಷ ಎಲ್ಲಿಂದ ಬಂತು? ಉತ್ತರ ತುಕ್ಕು. ಹಿಮಾಲಯದಿಂದ ನದಿ ಹೊತ್ಕೊಂಡು ಬಂದ ಮರಳಿನ ಕಣಗಳ ಮೇಲೆ ತೆಳ್ಳಗೆ ಕಬ್ಬಿಣದ ತುಕ್ಕಿನ ಲೇಪ ಇರತ್ತೆ, ಆ ಲೇಪಕ್ಕೆ ಆರ್ಸೆನಿಕ್ ಅಂಟ್ಕೊಂಡಿರತ್ತೆ, ಅಲ್ಲಿ ಇರೋ ತನಕ ಯಾರಿಗೂ ಏನೂ ತೊಂದ್ರೆ ಇಲ್ಲ. ಆದ್ರೆ ಸಾವಿರಾರು ವರ್ಷ ಕೊಳೆತ ಸೊಪ್ಪುಸದೆ ಜೊತೆ ಮಣ್ಣಡಿ ಹೂತು ಹೋದಾಗ ಅಲ್ಲಿ ಆಕ್ಸಿಜನ್ ಖಾಲಿಯಾಗತ್ತೆ, ಆಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಕ್ಸಿಜನ್ ಬದಲು ಈ ತುಕ್ಕನ್ನೇ ಬಳಸ್ಕೊಳ್ತವೆ, ತುಕ್ಕು ಕರಗತ್ತೆ, ಹಿಡ್ಕೊಂಡಿದ್ದ ಆರ್ಸೆನಿಕ್ ನೀರಿಗೆ ಬಿಡುಗಡೆ. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಜಾಗದಲ್ಲಿ ಎಷ್ಟೋ ಬಾವಿಗಳಲ್ಲಿ ಅದರ ಹತ್ತಾರು ಪಟ್ಟು ಸಿಕ್ತು.

ಮಜಾ ಏನಂದ್ರೆ ಔಷಧಿನೂ ತುಕ್ಕೇ. ಅಮೆರಿಕದಲ್ಲಿ ಪ್ರೊಫೆಸರ್ ಆಗಿದ್ದ, ಬಾಂಗ್ಲಾದ ಕುಷ್ಟಿಯಾ ಕಡೆಯ ಅಬುಲ್ ಹುಸ್ಸಾಮ್ ಮಾಡಿದ ಸೋನೋ ಫಿಲ್ಟರ್ ನೋಡಿ. ಎರಡು ಬಕೆಟ್, ಒಂದರ ಕೆಳಗೆ ಒಂದು. ಮೇಲಿನದ್ರಲ್ಲಿ ನದಿ ಮರಳು, ಅದರಡಿ ಕಬ್ಬಿಣದ ಚೂರುಗಳಿಂದ ಮಾಡಿದ ಒಂದು ದಪ್ಪ ಪದರ. ಕೆಳಗಿನ ಬಕೆಟ್‌ನಲ್ಲಿ ಮತ್ತೆ ಮರಳು, ಕಟ್ಟಿಗೆ ಇದ್ದಿಲು, ಇಟ್ಟಿಗೆ ಚೂರು. ಕರೆಂಟು ಬೇಡ, ಪಂಪು ಬೇಡ, ಮೇಲೆ ಸುರಿದ್ರೆ ಕೆಳಗೆ ಬರತ್ತೆ. ಕಬ್ಬಿಣ ಒಳಗೆ ತುಕ್ಕು ಹಿಡೀತಾ ಹೋಗತ್ತೆ, ಹೊಸ ತುಕ್ಕು ಆರ್ಸೆನಿಕ್ ಹಿಡೀತಾ ಹೋಗತ್ತೆ, ಅಷ್ಟೇ. 2007ರಲ್ಲಿ ಇದಕ್ಕೆ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಬಂತು, ಅವರು ಆ ದುಡ್ಡಲ್ಲಿ ಬಹುಪಾಲು ಫಿಲ್ಟರ್ ಹಂಚೋಕೇ ಹಾಕಿದ್ರು.

ಈಗ ಸ್ವಲ್ಪ ಹತ್ತಿರ ಹೋಗೋಣ, ತುಕ್ಕಿನ ಕಣದ ಅಂಚಿಗೆ. ಒಳಗಿರೋ ಕಬ್ಬಿಣದ ಪರಮಾಣುಗೆ ಸುತ್ತ ಎಲ್ಲ ಕಡೆ ಆಕ್ಸಿಜನ್ ಜೊತೆ ಇರತ್ತೆ, ಅದು ನೆಮ್ಮದಿಯಾಗಿದೆ. ಅಂಚಲ್ಲಿರೋದಕ್ಕೆ ಒಂದು ಕಡೆ ಬರೀ ನೀರು, ಹಾಗಾಗಿ ಅದು ನೀರಿಂದ ಒಂದು ಓಎಚ್ ಗುಂಪನ್ನ, ಅಂದ್ರೆ ಆಕ್ಸಿಜನ್-ಹೈಡ್ರೋಜನ್ ಜೋಡಿನ, ಎಳ್ಕೊಂಡಿರತ್ತೆ. ನೀರಿನ ಪಿಎಚ್ 8ಕ್ಕಿಂತ ಕಮ್ಮಿ ಇದ್ದಾಗ ಸಾಮಾನ್ಯವಾಗಿ ಈ ಗುಂಪುಗಳಿಗೆ ಇನ್ನೊಂದೊಂದು ಹೈಡ್ರೋಜನ್ ಸೇರ್ಕೊಂಡು ತುಕ್ಕಿನ ಮೇಲ್ಮೈ ಒಟ್ಟಾರೆ ಪಾಸಿಟಿವ್ ಆಗತ್ತೆ. ಆರ್ಸೆನೇಟ್, ಅಂದ್ರೆ ಆಕ್ಸಿಜನ್ ಜೊತೆ ಸೇರಿ ನೀರಲ್ಲಿರೋ ಆರ್ಸೆನಿಕ್‌ನ ಒಂದು ರೂಪ, ನೆಗೆಟಿವ್. ಮೊದಲು ಹತ್ತಿರ ಬರತ್ತೆ, ಬಂದು ಸುಮ್ನೆ ಪಕ್ಕದಲ್ಲಿ ನಿಲ್ಲಲ್ಲ, ಅಲ್ಲಿದ್ದ ಓಎಚ್ ಅನ್ನ ಆಚೆ ತಳ್ಳಿ ತನ್ನ ಆಕ್ಸಿಜನ್ ಮೂಲಕ ಕಬ್ಬಿಣಕ್ಕೇ ನೇರವಾಗಿ ಬಂಧ ಹಾಕ್ಕೊಳತ್ತೆ, ಅದಕ್ಕೇ ನೀರಲ್ಲಿ ತೊಳೆದ್ರೂ ಬಿಡಲ್ಲ. ಇದೆಲ್ಲ ಮೇಲ್ಮೈ ಆಟ ಆಗಿರೋದ್ರಿಂದ ಕಣ ಸಣ್ಣದಾದಷ್ಟೂ ಲಾಭ: ಆಗಷ್ಟೇ ಹುಟ್ಟಿದ ಪುಡಿಪುಡಿ ತುಕ್ಕು ಒಂದು ಗ್ರಾಂ ತಗೊಂಡ್ರೆ ಅದರ ಮೇಲ್ಮೈ 200 ಚದರ ಮೀಟರ್ ದಾಟಬಹುದು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಥರ್ಟಿ-ಫಾರ್ಟಿ ಸೈಟು.

ಆದ್ರೆ ಕೊಳವೆಬಾವಿಯಿಂದ ಬರೋ ಆರ್ಸೆನಿಕ್ ಹೆಚ್ಚಾಗಿ ಇನ್ನೊಂದು ರೂಪದಲ್ಲಿರತ್ತೆ, ಆರ್ಸೆನೈಟ್ ಅಂತ, ಅದಕ್ಕೆ ಮಾಮೂಲಿ ನೀರಲ್ಲಿ ಚಾರ್ಜೇ ಇಲ್ಲ, ಹಿಡಿಯೋದು ಅಷ್ಟು ಸುಲಭ ಅಲ್ಲ. ಅದನ್ನ ಮೊದಲು ಆರ್ಸೆನೇಟ್ ಮಾಡ್ಬೇಕು, ಸೋನೋದ ಕಬ್ಬಿಣದ ಪದರದಲ್ಲಿ ಮ್ಯಾಂಗನೀಸ್ ಇರೋದು ಅದಕ್ಕೇ. ಇನ್ನೊಂದು ತಲೆನೋವು ಫಾಸ್ಫೇಟ್, ಅಂದ್ರೆ ಫಾಸ್ಫರಸ್ ಆಕ್ಸಿಜನ್ ಜೊತೆ ಸೇರಿದ್ದು. ಆವರ್ತ ಕೋಷ್ಟಕದಲ್ಲಿ ಆರ್ಸೆನಿಕ್‌ಗಿಂತ ಸರಿಯಾಗಿ ಒಂದು ಮನೆ ಮೇಲೆ ಫಾಸ್ಫರಸ್ ಕೂತಿದೆ, ಹಾಗಾಗಿ ಫಾಸ್ಫೇಟ್, ಆರ್ಸೆನೇಟ್ ಎರಡೂ ಒಂದೇ ಆಕಾರ, ಒಂದೇ ಥರ ಚಾರ್ಜು, ತುಕ್ಕಿನ ಮೇಲೆ ಕೂರೋ ಜಾಗನೂ ಒಂದೇ. ನೀರಲ್ಲಿ ಫಾಸ್ಫೇಟ್ ಜಾಸ್ತಿ ಇದ್ರೆ ಅದೇ ಸೀಟೆಲ್ಲ ಹಿಡ್ಕೊಂಡು ಆರ್ಸೆನಿಕ್ ಹೊರಗೆ ನಿಲ್ಲತ್ತೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಲ್ಲಿ ತೋಟ ಮಾಡೋರಿಗೆ ಇದರ ಇನ್ನೊಂದು ಮುಖ ಗೊತ್ತು, ಸೂಪರ್ ಫಾಸ್ಫೇಟ್ ಎಷ್ಟು ಹಾಕಿದ್ರೂ ಮಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಕಬ್ಬಿಣವೇ ಅದನ್ನ ಹಿಡ್ಕೊಂಡು ಬಿಡತ್ತೆ, ಗಿಡಕ್ಕೆ ಸಿಗೋದು ಸ್ವಲ್ಪ.

ನಮ್ಮ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಮಸ್ಯೆ ಆರ್ಸೆನಿಕ್ ಅಲ್ಲ, ಫ್ಲೋರೈಡ್. ಅದಕ್ಕೆ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಮೇಲೆ ಪ್ರೀತಿ ಜಾಸ್ತಿ, ಗಾತ್ರದಲ್ಲಿ ಓಎಚ್ ಹತ್ರತ್ರ ಇರೋದ್ರಿಂದ ಅದರ ಜಾಗಕ್ಕೆ ಸಲೀಸಾಗಿ ಕೂರತ್ತೆ, ಆಕ್ಟಿವೇಟೆಡ್ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಫಿಲ್ಟರ್ ಕೆಲಸ ಮಾಡೋದು ಹೀಗೆ. ಸೀಟು ತುಂಬಿದ ಮೇಲೆ ಕಾಸ್ಟಿಕ್ ಸೋಡಾ ದ್ರಾವಣ ಹಾಯಿಸಿದ್ರೆ ಫ್ಲೋರೈಡ್ ಬಿಟ್ಕೊಡತ್ತೆ, ಆಮೇಲೆ ಆಸಿಡ್‌ನಲ್ಲಿ ಸರಿ ಮಾಡಿ ಮತ್ತೆ ಬಳಸಬಹುದು. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಫಿಲ್ಟರ್ ತುಂಬಿ ಹೋಗಿದ್ರೂ ನಲ್ಲಿಯಲ್ಲಿ ನೀರು ಮೊದಲಿನ ಹಾಗೇ ಬರ್ತಿರತ್ತೆ. ಫಿಲ್ಟರ್ ಉದ್ಘಾಟನೆಗೆ ಟೇಪ್ ಕಟ್ ಮಾಡೋಕೆ ಬರೋ ಜನ ಆಮೇಲೆ ನೀರು ಟೆಸ್ಟ್ ಮಾಡೋಕೆ ಬರಲ್ಲ ಅನ್ನೋದೇ ನನ್ನ ಸಿಟ್ಟು.

ಫಾಸ್ಫೇಟ್ ಇರೋದ್ರಿಂದ ತುಕ್ಕಿಗೆ ಅಂಟೋ ಇನ್ನೊಂದು ವಸ್ತು ಡಿಎನ್ಎ, ಅದರ ಬೆನ್ನೆಲುಬಲ್ಲಿ ಉದ್ದಕ್ಕೂ ಒಂದು ಸಕ್ಕರೆ, ಒಂದು ಫಾಸ್ಫೇಟ್, ಹೀಗೆ ಒಂದಾದ ಮೇಲೊಂದು. ಅಂದ್ರೆ ಆರ್ಸೆನೇಟ್ ಕೂರೋ ಸೀಟಲ್ಲಿ ಡಿಎನ್ಎ ಕೂಡ ಕೂರಬಲ್ಲದು, ಅದೂ ಒಂದೇ ಎಳೆಯಲ್ಲಿ ಎಷ್ಟೋ ಸೀಟು. ಡಿಎನ್ಎ ಬೇರೆ ಮಾಡಿ ತೆಗೆಯೋ ಲ್ಯಾಬಿನವರಿಗೆ ಇಷ್ಟು ಬಿಗಿ ಹಿಡಿತ ಬೇಡ, ಹಿಡ್ಕೊಂಡಿದ್ದನ್ನ ವಾಪಸ್ ಕೊಡ್ಬೇಕು, ಅದಕ್ಕೆ ಅವರು ಸಿಲಿಕಾ (ಮರಳು, ಗಾಜಿನಲ್ಲಿರೋ ವಸ್ತು) ಬಳಸ್ತಾರೆ. ಸಿಲಿಕಾನೂ ನೆಗೆಟಿವ್, ಡಿಎನ್ಎನೂ ನೆಗೆಟಿವ್, ಮಾಮೂಲಿ ನೀರಲ್ಲಿ ಒಂದಕ್ಕೊಂದು ಆಗಿಬರಲ್ಲ. ಆಮ್ಸ್ಟರ್‌ಡ್ಯಾಮ್‌ನ ರೆನೆ ಬೂಮ್ ಮತ್ತು ಜೊತೆಗಾರರು 1990ರಲ್ಲಿ ಗ್ವಾನಿಡೀನ್ ಥಯೋಸಯನೇಟ್ ಅನ್ನೋ ಉಪ್ಪನ್ನ ಗಟ್ಟಿಯಾಗಿ ಸೇರಿಸಿ ಎರಡನ್ನೂ ಅಂಟಿಸೋ ದಾರಿ ತೋರಿಸಿದ್ರು: ಈ ಉಪ್ಪು ಜೀವಕೋಶ ಒಡೆಯತ್ತೆ, ಮೇಲ್ಮೈಗಳ ಸುತ್ತ ಇರೋ ನೀರನ್ನ ಕದಲಿಸತ್ತೆ, ಚಾರ್ಜಿನ ಜಗಳ ಮರೆಮಾಡತ್ತೆ. ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆದು, ಕೊನೆಗೆ ಉಪ್ಪಿಲ್ಲದ ನೀರು ಹಾಕಿದ್ರೆ ಡಿಎನ್ಎ ಕೈಬಿಟ್ಟು ಬರತ್ತೆ. ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿ ತಗೊಂಡ ಸ್ಯಾಂಪಲ್‌ಗಳಿಂದ ವೈರಸ್ಸಿನ ಆರ್‌ಎನ್ಎ ತೆಗೆದಿದ್ದು ಹೆಚ್ಚಾಗಿ ಇದೇ ಉಪಾಯದಲ್ಲಿ. ಎಷ್ಟೋ ಕಿಟ್‌ಗಳಲ್ಲಿ ಸಿಲಿಕಾ ಲೇಪದ ಒಳಗೆ ಕಬ್ಬಿಣದ ಆಕ್ಸೈಡಿನ ಪುಟ್ಟ ಮಣಿ ಇರತ್ತೆ, ಕಂದು ಬಣ್ಣದ ಆ ಟ್ಯೂಬನ್ನ ಮ್ಯಾಗ್ನೆಟ್ ಪಕ್ಕ ಇಟ್ರೆ ಮಣಿಗಳೆಲ್ಲ ಗೋಡೆಗೆ ಸರಿದು ದ್ರವ ತಿಳಿಯಾಗತ್ತೆ, ಪೈಪೆಟ್ ಹಾಕಿ ಬೇಡದ್ದನ್ನ ಎಳೆದು ಬಿಸಾಕೋದು.

ಮಣ್ಣಿಗೆ ಈ ವಾಪಸ್ ಕೊಡೋ ಗುಣ ಕಮ್ಮಿ, ಅದರಿಂದ ಒಳ್ಳೇದೂ ಆಗಿದೆ. ಉತ್ತರ ಗ್ರೀನ್‌ಲ್ಯಾಂಡಿನ ಮಣ್ಣಲ್ಲಿ ಖನಿಜಗಳಿಗೆ ಅಂಟ್ಕೊಂಡು ಉಳಿದಿದ್ದ 20 ಲಕ್ಷ ವರ್ಷ ಹಳೆಯ ಡಿಎನ್ಎಯನ್ನ ಎಸ್ಕೆ ವಿಲ್ಲರ್ಸ್ಲೆವ್ ತಂಡ ಓದಿ 2022ರಲ್ಲಿ ಪ್ರಕಟಿಸ್ತು, ಈಗ ಮರವೇ ಬೆಳೆಯದ ಆ ಜಾಗದಲ್ಲಿ ಆಗ ಕಾಡಿತ್ತು, ಆನೆ ಸಂಬಂಧಿ ಮಾಸ್ಟಡಾನ್ ಓಡಾಡ್ತಿತ್ತು ಅಂತ ಗೊತ್ತಾಯ್ತು. ಕೆಟ್ಟದ್ದೂ ಇದೆ, ಸತ್ತ ಬ್ಯಾಕ್ಟೀರಿಯಾದ ಜೀನ್ ಜೇಡಿಮಣ್ಣಿಗೆ ಅಂಟ್ಕೊಂಡು ಹಾಳಾಗದೆ ಉಳಿದ್ರೆ ಬದುಕಿರೋ ಬೇರೆ ಬ್ಯಾಕ್ಟೀರಿಯಾ ಅದನ್ನ ಎತ್ಕೊಂಡು ಬಳಸಬಹುದು, ಅದು ಆಂಟಿಬಯಾಟಿಕ್‌ಗೆ ಬಗ್ಗದಿರೋ ಜೀನ್ ಆಗಿದ್ರೆ ಡಾಕ್ಟ್ರಿಗೆ ಕಷ್ಟ. ಇಂಥ ಡಿಎನ್ಎಯನ್ನ ಮಣ್ಣಿಂದ ಬಿಡಿಸೋಕೆ ಇರೋ ದಾರಿಗಳಲ್ಲಿ ಒಂದು ಬಲು ಸರಳ, ಮಣ್ಣಿಗೆ ಫಾಸ್ಫೇಟ್ ದ್ರಾವಣ ಸುರಿದು ಚೆನ್ನಾಗಿ ಅಲ್ಲಾಡಿಸ್ತಾರೆ. ಸೋನೋ ಬಕೆಟ್‌ನಲ್ಲಿ ಆರ್ಸೆನಿಕ್ ಸೀಟು ಕಿತ್ಕೊಳ್ತಿದ್ದ ಅದೇ ಫಾಸ್ಫೇಟ್ ಇಲ್ಲಿ ಡಿಎನ್ಎ ಸೀಟು ಕಿತ್ಕೊಂಡು ಅದನ್ನ ನೀರಿಗೆ ಇಳಿಸತ್ತೆ.