ಪುಂಡುವೇಷದ ಧೀಂಗಿಣ, ಮಸ್ಟಾಂಗ್‌ನ ಪೆಟ್ರೋಲ್

ಉಡುಪಿಯಲ್ಲಿ ಜುಲೈ ಮಳೆ ಹಿಡಿದರೆ ಸಂಜೆ ಹೊರಗೆ ಕಾಲಿಡುವ ಹಾಗಿಲ್ಲ. ಆಗ ನಾವು ನಾಲ್ಕು ಜನ ಗೆಳೆಯರು ಕಂಪ್ಯೂಟರ್ ಮುಂದೆ ಕೂತು ಡಿಸಿಎಸ್ ಅನ್ನುವ ವಿಮಾನ ಹಾರಾಟದ ಆಟದಲ್ಲಿ (ಸಿಮ್ಯುಲೇಟರ್) ಯುದ್ಧವಿಮಾನ ಹಾರಿಸುತ್ತೇವೆ. ಪ್ರತಿ ಸಲವೂ ಒಂದೇ ಜಗಳ. ಉಳಿದ ಮೂವರೂ ಇಂಧನವನ್ನು 100%ಗೆ ಎಳೆದು, "ಇರ್ಲಿ ಮಾರಾಯ, ಜಾಸ್ತಿ ಇದ್ರೆ ನಷ್ಟ ಏನು?" ಅನ್ನುತ್ತಾರೆ.

ನಷ್ಟ ಇದೆ, ಅದೂ ದೊಡ್ಡದು. ಎರಡನೇ ಮಹಾಯುದ್ಧದ ಅಮೆರಿಕದ ಯುದ್ಧವಿಮಾನ ಪಿ-51ಡಿ ಮಸ್ಟಾಂಗ್ ನೋಡಿ. ಒಳಗಿನ ಟ್ಯಾಂಕುಗಳಲ್ಲಿ 269 ಗ್ಯಾಲನ್ ಹಿಡಿಯುತ್ತದೆ. ಅಂದರೆ ಸುಮಾರು 1,000 ಲೀಟರ್, 730 ಕೆಜಿ. ಪೂರ್ತಿ ತುಂಬಿದ ವಿಮಾನ ಸುಮಾರು 4,600 ಕೆಜಿ ತೂಗುತ್ತದೆ. ಕಾಲು ಟ್ಯಾಂಕ್ ಮಾತ್ರ ಹಾಕಿದರೆ 550 ಕೆಜಿ ಕಮ್ಮಿ. ಪೂರ್ತಿ ತುಂಬಿದ್ದು ಕಾಲು ಟ್ಯಾಂಕಿನದ್ದಕ್ಕಿಂತ ಹತ್ತಿರ ಹತ್ತಿರ 14% ಭಾರ.

ಈ 14% ಎಲ್ಲಿ ಕಾಡುತ್ತದೆ? ತಿರುವಿನಲ್ಲಿ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಕುತಿಟ್ಟಿನ ಪುಂಡುವೇಷ (ಎಳೆಯ ವೀರರ ಪಾತ್ರ) ಗಿರಗಿರನೆ ಧೀಂಗಿಣ (ಸುತ್ತು ಕುಣಿತ) ಹಾಕುತ್ತದೆ. ದೊಡ್ಡ ಕಿರೀಟ ಹೊತ್ತ ಬಣ್ಣದ ವೇಷಕ್ಕೆ ಆ ಆಟ ಇಲ್ಲ, ಅದರ ಗತ್ತೇ ಬೇರೆ. ವಿಮಾನವೂ ಹಾಗೇ. ರೆಕ್ಕೆ ಎಷ್ಟು ಎತ್ತಬಲ್ಲದೋ ಅಷ್ಟೇ ಎತ್ತುತ್ತದೆ. ಭಾರ 14% ಏರಿದರೆ, ರೆಕ್ಕೆ ತನ್ನ ಮಿತಿಗೆ ತಾಗಿದಾಗ ತಿರುವಿನ ಸುತ್ತಳತೆಯೂ 14% ಹಿಗ್ಗುತ್ತದೆ. ಇನ್ನೂ ಕೆಟ್ಟದ್ದು ಎಳೆತ, ಅಂದರೆ ವಿಮಾನವನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆ. ಅದೇ ವೇಗದಲ್ಲಿ ಅಷ್ಟೇ ಬಿಗಿಯಾಗಿ ತಿರುಗಬೇಕಾದರೆ ರೆಕ್ಕೆ ಹುಟ್ಟಿಸುವ ಎಳೆತ ಭಾರದ ವರ್ಗದಷ್ಟು ಏರುತ್ತದೆ. 1.14ರ ವರ್ಗ 1.3. ಅಂದರೆ 30% ಹೆಚ್ಚು. ಎರಡು ಸುತ್ತು ಹೊಡೆಯುವುದರೊಳಗೆ ನಿಮ್ಮ ವೇಗ ಸೋರಿಹೋಗಿರುತ್ತದೆ, ಎದುರಾಳಿ ನಿಮ್ಮ ಬಾಲಕ್ಕೆ ಬಂದಿರುತ್ತಾನೆ.

ಎಷ್ಟು ಹಾಕಿದಿರಿ ಅನ್ನುವುದರಷ್ಟೇ ಎಲ್ಲಿ ಹಾಕಿದಿರಿ ಅನ್ನುವುದೂ ಮುಖ್ಯ. ನನಗೆ ತುಂಬಾ ಇಷ್ಟವಾದ ಭಾಗ ಇದು. ಮಸ್ಟಾಂಗ್‌ನ ಎರಡು ರೆಕ್ಕೆಗಳಲ್ಲಿ 92 ಗ್ಯಾಲನ್‌ನ ಒಂದೊಂದು ಟ್ಯಾಂಕ್. ಇನ್ನೊಂದು, 85 ಗ್ಯಾಲನ್‌ದು, ಪೈಲಟ್ ಸೀಟಿನ ಹಿಂದೆ. ಬ್ರಿಟನ್‌ನಿಂದ ಹೊರಟು ಬಾಂಬರ್‌ಗಳನ್ನು ಬರ್ಲಿನ್‌ವರೆಗೆ ಕಾಯಲೇಬೇಕಿತ್ತು, ಅದಕ್ಕೇ ಅಲ್ಲಿ ತುರುಕಿದರು. 1944ರ ಮಾರ್ಚ್‌ನಲ್ಲಿ ಮಸ್ಟಾಂಗ್‌ಗಳು ಬರ್ಲಿನ್ ಮೇಲೆ ಕಾಣಿಸಿಕೊಂಡವು. ಅದೇ 1940ರಲ್ಲಿ ಲಂಡನ್ ಮೇಲೆ ಬಂದ ಜರ್ಮನ್ ಬಿಎಫ್-109 ಯುದ್ಧವಿಮಾನಗಳಿಗೆ ಕಾದಾಡಲು ಸುಮಾರು 10 ನಿಮಿಷದ ಇಂಧನವಷ್ಟೇ ಉಳಿಯುತ್ತಿತ್ತು. ಇಂಧನ ಕಮ್ಮಿಯಾದರೂ ಸೋಲು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಹಿಂದಿನ ಟ್ಯಾಂಕ್ ತುಂಬಿದ್ದರೆ ವಿಮಾನದ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಸ್ಕೂಟರ್‌ನ ಹಿಂದಿನ ಸೀಟಿಗೆ 50 ಕೆಜಿ ಕುಚ್ಚಲಕ್ಕಿ ಮೂಟೆ ಕಟ್ಟಿ ಮಣಿಪಾಲದ ಏರು ಹತ್ತಿದ್ದೀರಾ? ಮುಂದಿನ ಚಕ್ರ ನೆಲ ಬಿಡುವಷ್ಟು ಹಗುರ, ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಮಸ್ಟಾಂಗ್‌ಗೂ ಅದೇ ಗತಿ. ಬಿಗಿಯಾಗಿ ತಿರುಗಿಸಿದರೆ ಮೂಗು ತಾನಾಗಿಯೇ ಇನ್ನಷ್ಟು ಒಳಗೆ ನುಗ್ಗುತ್ತದೆ, ಗಿರಕಿಗೆ ಬೀಳುತ್ತದೆ. ಅದಕ್ಕೇ ಆ ಕಾಲದ ಪೈಲಟ್‌ಗಳು ಕಾದಾಟಕ್ಕೆ ಮೊದಲು ಹಿಂದಿನ ಟ್ಯಾಂಕನ್ನು ಸುಮಾರು 25-30 ಗ್ಯಾಲನ್‌ಗೆ ಇಳಿಸಿಕೊಳ್ಳುತ್ತಿದ್ದರು. ರೆಕ್ಕೆಯ ಟ್ಯಾಂಕುಗಳು ಮಾತ್ರ ಅಂದರೆ 184 ಗ್ಯಾಲನ್, ಒಟ್ಟಿನ 68%. ನಾನು ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ.

ಜೆಟ್‌ಗಳಲ್ಲಿ ಈ ಲೆಕ್ಕ ಇನ್ನೂ ದೊಡ್ಡದು. ರಷ್ಯಾದ ಸು-27 ಯುದ್ಧವಿಮಾನದ ಒಳಗೆ 9,400 ಕೆಜಿ ಇಂಧನ ಹಿಡಿಯುತ್ತದೆ, ಆದರೆ ಮಾಮೂಲಿ ತೂಕದ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸುಮಾರು 5,270 ಕೆಜಿ. ಉಳಿದ ನಾಲ್ಕು ಟನ್ ಅಂದರೆ ಆರು ಮಾರುತಿ 800 ಕಾರುಗಳ ಭಾರ. ಅಷ್ಟನ್ನು ಬೆನ್ನಿಗೆ ಹೊತ್ತು ಕುಸ್ತಿಗೆ ಇಳಿಯುತ್ತೀರಾ?

ಭಾರದಿಂದ ಎಲ್ಲ ಕಡೆಯೂ ಸೋಲು ಅಂತಲೂ ಅಲ್ಲ. ನೇರ ಹಾರಾಟದ ಗರಿಷ್ಠ ವೇಗ ಅಷ್ಟೇನೂ ಬದಲಾಗುವುದಿಲ್ಲ. ಮೂಗು ಕೆಳಗೆ ಮಾಡಿ ಧುಮುಕಿದಾಗಂತೂ ಭಾರದ ವಿಮಾನಕ್ಕೇ ಲಾಭ. ಆ ವೇಗದಲ್ಲಿ ಗಾಳಿಯ ತಡೆ ಎಂಜಿನ್ನಿನ ಬಲ ಮೀರುತ್ತದೆ, ಭಾರ ಇದ್ದವನನ್ನು ಅದು ಕಮ್ಮಿ ತಡೆಯುತ್ತದೆ.

ನಂಬಿಕೆ ಬಾರದಿದ್ದರೆ ಇವತ್ತೇ ನೋಡಿ. ಒಂದೇ ಎತ್ತರ, ಒಂದೇ ಮಸ್ಟಾಂಗ್. ಒಮ್ಮೆ 100%, ಒಮ್ಮೆ 25%. ನೇರ ಹಾರುತ್ತಾ ಎಂಜಿನ್ನಿನ ಬಲ ಇಳಿಸಿ, ವಿಮಾನ ನಡುಗಲು ಶುರುವಾದಾಗ ವೇಗ ಬರೆದಿಡಿ. ಎರಡರ ನಡುವೆ 6-7% ವ್ಯತ್ಯಾಸ ಸಿಗಬೇಕು.