ನಾಲ್ಕು ಬಾರಿ ವಿಶ್ವ ಚಾಂಪಿಯನ್, ಒಲಿಂಪಿಕ್ಸ್‌ನಲ್ಲಿ ಬರಿಗೈ

ಜರ್ಮನಿಯ ಟೀನಾ ಹೆರ್ಮಾನ್ ಸ್ಕೆಲೆಟನ್ ಆಟಗಾರ್ತಿ. ಚಿಕ್ಕ ಜಾರುಬಂಡಿಯ ಮೇಲೆ ಬೋರಲು ಮಲಗಿ, ತಲೆ ಮುಂದೆ ಮಾಡಿಕೊಂಡು, ಮಂಜುಗಡ್ಡೆಯ ಕಾಲುವೆಯಲ್ಲಿ ಜಾರುವ ಆಟ ಇದು. ವೇಗ ಗಂಟೆಗೆ 130 ಕಿ.ಮೀ. ಮುಟ್ಟುತ್ತದೆ. ಗದ್ದಕ್ಕೂ ಮಂಜುಗಡ್ಡೆಗೂ ನಡುವೆ ಕೆಲವೇ ಸೆಂಟಿಮೀಟರ್. ಸ್ಟಿಯರಿಂಗ್ ಇಲ್ಲ, ಬ್ರೇಕೂ ಇಲ್ಲ.

ಹೆರ್ಮಾನ್ 2016ರಲ್ಲಿ ಆಸ್ಟ್ರಿಯಾದ ಇಗ್ಲ್ಸ್‌ನಲ್ಲಿ, 2019ರಲ್ಲಿ ಕೆನಡಾದ ವಿಸ್ಲರ್‌ನಲ್ಲಿ, 2020 ಮತ್ತು 2021ರಲ್ಲಿ ತಮ್ಮದೇ ದೇಶದ ಆಲ್ಟೆನ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಒಲಿಂಪಿಕ್ಸ್‌ನಲ್ಲಿ 2018ರಲ್ಲಿ ಐದನೆಯವರು, 2022ರಲ್ಲಿ ನಾಲ್ಕನೆಯವರು. ಆ ವರ್ಷ ಚಿನ್ನ ಗೆದ್ದದ್ದು ಅವರದೇ ತಂಡದ 21 ವರ್ಷದ ಹನ್ನಾ ನೈಸೆ. ನೈಸೆ ಅಲ್ಲಿಯವರೆಗೆ ಒಂದು ವಿಶ್ವಕಪ್ ರೇಸನ್ನೂ ಗೆದ್ದಿರಲಿಲ್ಲ! ಇದಕ್ಕೆ ಅದೃಷ್ಟ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಿದರೆ ಇಬ್ಬರಿಗೂ ಅನ್ಯಾಯ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 130 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 36 ಮೀಟರ್. ಗಡಿಯಾರ ಇಲ್ಲಿ ಸೆಕೆಂಡಿನ ನೂರನೇ ಭಾಗವನ್ನೂ ಅಳೆಯುತ್ತದೆ. ಅಷ್ಟರಲ್ಲಿ ಬಂಡಿ 36 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಒಲಿಂಪಿಕ್ಸ್‌ನಲ್ಲಿ ನಾಲ್ಕು ಓಟಗಳ ಒಟ್ಟು ಸಮಯ ಲೆಕ್ಕಕ್ಕೆ ಬರುತ್ತದೆ. ನೈಸೆ ಒಟ್ಟು ಸುಮಾರು ನಾಲ್ಕು ನಿಮಿಷ ಜಾರಿ, ಎರಡನೆಯವರಿಗಿಂತ 0.62 ಸೆಕೆಂಡ್ ಮುಂದಿದ್ದರು, ಅಷ್ಟೇ.

ಈ ಚೂರುಪಾರು ಸಮಯ ಎಲ್ಲಿ ಕಳೆದುಹೋಗುತ್ತದೆ? ಬಂಡಿಗೆ ಎಂಜಿನ್ ಇಲ್ಲ. ಆರಂಭದಲ್ಲಿ ಓಡಿ ತಳ್ಳಿದ ಬಲ, ಆಮೇಲೆ ಇಳಿಜಾರು, ಇವೆರಡೇ ಬಂಡವಾಳ. ತಿರುವಿಗೆ ತುಸು ತಡವಾಗಿ ನುಗ್ಗಿದರೆ ಬಂಡಿ ಗೋಡೆಗೆ ತಗಲುತ್ತದೆ. ಅಲ್ಲಿ ಕಳೆದ ವೇಗ ಮುಂದಿನ ನೇರ ದಾರಿಯುದ್ದಕ್ಕೂ ಕಾಡುತ್ತದೆ. ಅದಕ್ಕೇ ಮೇಲಿನ ತಿರುವಿನ ತಪ್ಪು ಕೆಳಗಿನದಕ್ಕಿಂತ ಜಾಸ್ತಿ ದುಬಾರಿ.

ತಿರುಗಿಸುವುದು ಮೈಯಿಂದಲೇ. ಒಂದು ಕಡೆಯ ಭುಜ, ಇನ್ನೊಂದು ಕಡೆಯ ಮಂಡಿ ಒತ್ತಿದರೆ ಬಂಡಿಯ ಚೌಕಟ್ಟು ಸ್ವಲ್ಪ ತಿರುಚುತ್ತದೆ, ಅಡಿಯ ಉಕ್ಕಿನ ಸಲಾಕೆ ಮಂಜನ್ನು ಕಚ್ಚುತ್ತದೆ. ಕಚ್ಚಿದಷ್ಟೂ ಹಿಡಿತ ಸಿಗುತ್ತದೆ, ಘರ್ಷಣೆಯೂ ಏರುತ್ತದೆ. ಆದ್ದರಿಂದ ಆದಷ್ಟು ಕಡಿಮೆ ಒತ್ತುವುದೇ ಜಾಣತನ. ಜೊತೆಗೆ ಗಾಳಿ: ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟು. ದಾರಿ ನೋಡೋಕೆ ತಲೆ ಎರಡು ಬೆರಳು ಎತ್ತಿದರೂ ನಷ್ಟ. ದೊಡ್ಡ ತಿರುವುಗಳಲ್ಲಿ ಮಾತ್ರ ತಲೆಯ ಭಾರ ನಾಲ್ಕೈದು ಪಟ್ಟಾಗಿ, ಕತ್ತು ತಾನಾಗಿ ಕೆಳಗೆ ಬಾಗುತ್ತದೆ. ಆಗ ಹಾದಿ ನೆನಪಲ್ಲೇ ಇರಬೇಕು.

ಈ ನೆನಪು ಬರೋದು ಅಭ್ಯಾಸದಿಂದ. ಜರ್ಮನಿಯಲ್ಲಿ ಇಂಥ ನಾಲ್ಕು ಹಾದಿಗಳಿವೆ. ಹೆರ್ಮಾನ್ ಕ್ಲಬ್ಬಿನ ಊರಾದ ಕೊನಿಗ್‌ಸೀಯ ಹಾದಿ 2021ರ ಜುಲೈ ಪ್ರವಾಹದಲ್ಲಿ ಹಾಳಾಯಿತು. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಯಾನ್‌ಚಿಂಗ್ ಹಾದಿಯಂತೂ ಹೊರಗಿನ ಎಲ್ಲರಿಗೂ ಹೊಸದು, 16 ತಿರುವುಗಳದ್ದು. ಹಾಗಂತ ಹೆರ್ಮಾನ್ ಮನೆಯಂಗಳದ ಹುಲಿ ಅನ್ನೋಕೂ ಆಗದು, ಇಗ್ಲ್ಸ್ ಮತ್ತು ವಿಸ್ಲರ್ ಗೆಲುವುಗಳಿವೆ ಅಲ್ವಾ?

ಇಷ್ಟಾದರೂ ಹೆಸರು ಸಿಗೋದು ಒಲಿಂಪಿಕ್ ಪದಕದಿಂದಲೇ. ಈ ಆಟವನ್ನು ಬಹುತೇಕರು ನೋಡೋದು ನಾಲ್ಕು ವರ್ಷಕ್ಕೊಮ್ಮೆ, ಕೆಲವು ದಿನ ಮಾತ್ರ. ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ನಾಲ್ಕೇ ಓಟ, ಅದೇ ಗಡಿಯಾರ, ಬಹುಪಾಲು ಅದೇ ಎದುರಾಳಿಗಳು. ನನ್ನ ಮಟ್ಟಿಗೆ ಹೆರ್ಮಾನ್ ಅವರ ಆ ನಾಲ್ಕು ಪಟ್ಟಗಳು ಒಲಿಂಪಿಕ್ ಚಿನ್ನಕ್ಕೆ ಸಮ.